ಹದಿನೈದಡಿ ಸೈಟು, ಹಾಡಹಗಲೇ ದೀಪ

ಹೋದ ಬೇಸಗೆಯಲ್ಲಿ ಗಿರಣಿ ಕಾರ್ಮಿಕ ಬಂಧುವೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ಗಿಳಿಹಸುರು ಬಣ್ಣ, ಮನೆಯವರ ಮುಖದಲ್ಲಿ ಸಂತೋಷ. ಇಪ್ಪತ್ತು ವರ್ಷದ ದುಡಿಮೆ, ಹೆಂಡತಿಯ ಕೊರಳ ಸರ, ಸೊಸೈಟಿಯ ಸಾಲ, ಎಲ್ಲವೂ ಆ ಗೋಡೆಗಳೊಳಗೆ ಸೇರಿದ್ದವು. ಊಟಕ್ಕೆ ಕುಳಿತದ್ದು ಮಧ್ಯಾಹ್ನ ಒಂದು ಗಂಟೆಗೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ನಾಲ್ಕು ದೀಪ ಉರಿಯುತ್ತಿದ್ದವು. ಅಷ್ಟರಲ್ಲಿ ಕರೆಂಟು ಹೋಯಿತು. ಎಲೆಗೆ ಬಿದ್ದದ್ದು ಸಾರೋ ಪಾಯಸವೋ ತಿಳಿಯದೆ ಪಂಕ್ತಿಯವರೆಲ್ಲ ಕೈ ತಡೆದು ಕುಳಿತೆವು. ಅಡಿಗೆಮನೆಯಿಂದ ಬೆವರೊರೆಸಿಕೊಳ್ಳುತ್ತ ಬಂದ ಮನೆಯ ಯಜಮಾನಿತಿ, "ಏನ್ ಮಾಡೋದಣ್ಣ, ಸೈಟೇ ಹದಿನೈದಡಿ. ಹೀಗೇ ಬರೋದು ಅಂದ್ರು ಮೇಸ್ತ್ರಿ" ಎಂದರು.

ಹೀಗೇ ಬರೋದು! ಈ ಎರಡು ಮಾತಿನ ಮೇಲೆ ಇಂದು ನಮ್ಮ ತಕರಾರು.

ಹದಿನೈದಡಿಯ ಸೈಟು ಆಕಾಶದಿಂದ ಬಿದ್ದದ್ದಲ್ಲ. ನಮ್ಮ ನಾಡಿನ ಬಡಾವಣೆಗಳಲ್ಲಿ 20×30, 30×40, 40×60 ಎಂಬ ಅಳತೆಗಳು ರೂಢಿಯಾಗಿವೆ. ಅಪ್ಪ ಕಷ್ಟಪಟ್ಟು ಕೊಂಡ 30×40ನ್ನು ಅಣ್ಣತಮ್ಮಂದಿರಿಬ್ಬರು ಪಾಲು ಮಾಡಿಕೊಂಡರೆ ಒಬ್ಬೊಬ್ಬನಿಗೆ ಸಿಗುವುದು 15×40. ಊರ ಹೊರಗಿನ ಹೊಲ ಕೊಂಡು ಸೀಳುವ ದಳ್ಳಾಳಿಗೋ, ಅಗಲ ಕಡಿಮೆಯಾದಷ್ಟೂ ಸೈಟುಗಳ ಲೆಕ್ಕ ಹೆಚ್ಚು. ದೊಡ್ಡವರ ಮನೆಗೆ ನಾಲ್ಕು ದಿಕ್ಕಿಗೂ ಕಿಟಕಿ. ದುಡಿಯುವವನ ಮನೆಗೆ ಮುಂದೊಂದು, ಹಿಂದೊಂದು, ನಡುವೆ ನಲವತ್ತಡಿ ಕತ್ತಲೆ. ಇದಕ್ಕೆ ಹಣೆಬರಹ ಎಂದು ಹೆಸರಿಟ್ಟು ಸುಮ್ಮನಾಗುವವರಿದ್ದಾರೆ. ನಾವು ಸುಮ್ಮನಾಗುವವರಲ್ಲ.

ಮೊದಲು ಲೆಕ್ಕ ನೋಡೋಣ. ಎರಡು ಪಕ್ಕಕ್ಕೂ ಜಾಗ ಬಿಡಬೇಕೆಂದು ನಿಯಮ ಹೇಳುವ ಕಡೆ ಒಂದೊಂದು ಪಕ್ಕಕ್ಕೆ ಒಂದೂವರೆ ಅಡಿ ಬಿಟ್ಟರೂ ಹದಿನೈದರಲ್ಲಿ ಮೂರಡಿ ಹೋಯಿತು. ಒಂಬತ್ತಂಗುಲದ ಎರಡು ಗೋಡೆಗೆ ಇನ್ನೂ ಒಂದೂವರೆ ಅಡಿ. ಉಳಿದದ್ದು ಹತ್ತೂವರೆ. ಪಕ್ಕಕ್ಕೆ ಬಿಟ್ಟ ಆ ಎರಡು ಪಟ್ಟಿಗಳನ್ನು ಅಳೆದರೆ 120 ಚದರ ಅಡಿ, ಎಂದರೆ 600 ಚದರಡಿಯ ಸೈಟಿನಲ್ಲಿ ಐದರಲ್ಲೊಂದು ಪಾಲು. ಅದರಿಂದ ಬಂದ ಲಾಭವೇನು? ಆ ಸಂದಿಯಲ್ಲಿ ಇಲಿ ಓಡಾಡುತ್ತದೆ, ಮಳೆನೀರು ನಿಂತು ಗೋಡೆ ಜಿನುಗುತ್ತದೆ. ಅತ್ತಕಡೆಯ ಕಿಟಕಿ ತೆರೆದರೆ ಪಕ್ಕದವರ ಮಲಗುವ ಮನೆ. ಆದ್ದರಿಂದ ಕಟ್ಟಿದ ದಿನದಿಂದ ಕಿಟಕಿ ಮುಚ್ಚಿಯೇ ಇರುತ್ತದೆ. ಇದನ್ನು ಅರಿತ ಮೇಸ್ತ್ರಿ ಇನ್ನೊಂದು ಉಪಾಯ ಮಾಡುತ್ತಾನೆ: ನಕ್ಷೆಯಲ್ಲಿ ಜಾಗ ಬಿಟ್ಟಂತೆ ತೋರಿಸಿ, ನೆಲದ ಮೇಲೆ ಒಂದಂಗುಲವೂ ಬಿಡದೆ ಮೂಲೆಯಿಂದ ಮೂಲೆಗೆ ಮೋಲ್ಡು ಹಾಕುತ್ತಾನೆ. ಮಹಡಿಗೆ ಹೋಗುವ ಮೆಟ್ಟಿಲನ್ನು ಬೀದಿಯ ಕಡೆ ಏರಿಸಿ, ಇದ್ದೊಂದು ಮುಂಗಿಟಕಿಯನ್ನೂ ಮುಚ್ಚುತ್ತಾನೆ. ನಿಯಮ ಪಾಲಿಸಿದರೂ ಕತ್ತಲೆ, ಮುರಿದರೂ ಕತ್ತಲೆ!

ಹಾಗಾದರೆ ಬೇರೆ ದಾರಿಯಿದೆಯೆ? ಇದೆ, ಅದೂ ಹೊಸದಲ್ಲ. ನಮ್ಮ ಅಜ್ಜಂದಿರ ಪೇಟೆ ಬೀದಿಯ ಮನೆಗಳನ್ನು ನೆನಪು ಮಾಡಿಕೊಳ್ಳಿ. ಮುಂದೆ ಅಂಗಡಿ, ಹಿಂದೆ ಸಂಸಾರ. ಮನೆ ಉದ್ದಕ್ಕೆ ಉದ್ದ, ಪಕ್ಕದ ಮನೆಯ ಗೋಡೆಗೆ ಗೋಡೆ. ಆದರೂ ನಡುವೆ ತೊಟ್ಟಿ ತೆರೆದು ಆಕಾಶವನ್ನು ಮನೆಯೊಳಗೆ ಇಳಿಸಿಕೊಂಡಿದ್ದರು. ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಕೂಡ ಬೆಳಕಿಂಡಿ ಇತ್ತು. ಬೆಳಕು ಪಕ್ಕದಿಂದ ಬಾರದಿದ್ದರೆ ಮೇಲಿನಿಂದ ಬರಬೇಕು: ಇಷ್ಟೇ ಅವರ ಶಾಸ್ತ್ರ.

ಆ ಶಾಸ್ತ್ರವನ್ನು 15×40ಕ್ಕೆ ಅನ್ವಯಿಸಿ ನೋಡೋಣ. ಪಕ್ಕಕ್ಕೆ ವ್ಯರ್ಥ ಬಿಡುವ ಜಾಗವನ್ನು ಒಳಗೆ ತನ್ನಿ. ಗೋಡೆಗಳ ನಡುವೆ ಹದಿಮೂರೂವರೆ ಅಡಿ ಸಿಗುತ್ತದೆ. ಮುಂದೆ ಮೂರಡಿ ಜಗಲಿಗೆ. ಆಮೇಲೆ ಹನ್ನೊಂದಡಿ ಉದ್ದದ ನಡುಮನೆ. ವ್ಯಾಪಾರಿಯಾದರೆ ಪಕ್ಕದಲ್ಲಿ ಓಡಾಡುವ ದಾರಿ ಬಿಟ್ಟು ಅಲ್ಲಿಯೇ ಅಂಗಡಿ. ಅದರ ಹಿಂದೆ ಹತ್ತಡಿ ಉದ್ದದ ನಡುಭಾಗ. ಇದೇ ಮನೆಯ ಶ್ವಾಸಕೋಶ. ಇಲ್ಲಿ ಒಂದು ಗೋಡೆಗೆ ಅಂಟಿಕೊಂಡು ಮೂರಡಿಯ ಮೆಟ್ಟಿಲು, ಅದರ ಪಕ್ಕ ಮೂರಡಿಯ ದಾರಿ, ಉಳಿದ ಏಳಡಿ ಅಗಲ ಹತ್ತಡಿ ಉದ್ದ ಆಕಾಶಕ್ಕೆ ಬಿಟ್ಟ ಅಂಗಳ. ಅದರಾಚೆ ಹತ್ತಡಿಯಲ್ಲಿ ಎಂಟಡಿ ಅಗಲದ ಅಡಿಗೆಮನೆ, ಅದರ ಮಗ್ಗುಲಲ್ಲಿ ಬಚ್ಚಲು, ಪಾಯಖಾನೆ. ಹಿಂದೆ ಉಳಿದ ಮೂರೂವರೆ ಅಡಿ ಬಟ್ಟೆ ಒಗೆಯುವ ಕಲ್ಲಿಗೂ ತುಳಸಿಗೂ. ಮಹಡಿಯ ಮೇಲೆ ನಡುಮನೆಯ ನೆತ್ತಿಗೊಂದು, ಅಡಿಗೆಮನೆಯ ನೆತ್ತಿಗೊಂದು ಮಲಗುವ ಕೋಣೆ. ಯಾವ ಕೋಣೆಗೂ ಕಿಟಕಿ ಒಂದೇ ಇಲ್ಲ, ಎರಡಿವೆ: ಒಂದು ಹೊರಗೆ, ಒಂದು ಅಂಗಳಕ್ಕೆ. ಬಿಸಿಗಾಳಿ ಮೇಲೇರುವುದು ಪ್ರಕೃತಿ ಧರ್ಮ. ಅದು ಅಂಗಳದಿಂದ ಮೇಲೆದ್ದರೆ ಬೀದಿಯ ಗಾಳಿಯೂ ಹಿತ್ತಲ ಗಾಳಿಯೂ ತಾವಾಗಿಯೇ ಒಳಬರುತ್ತವೆ. ಒಗ್ಗರಣೆಯ ಹೊಗೆ ಮಗುವಿನ ತೊಟ್ಟಿಲಿಗೆ ಹೋಗದೆ ಮೇಲಕ್ಕೆ ಹೋಗುತ್ತದೆ.

ಮೆಟ್ಟಿಲಿನ ವಿಷಯದಲ್ಲಿ ಮೇಸ್ತ್ರಿಗಳು ಹೆದರಿಸುವುದುಂಟು. ಹೆದರಬೇಕಿಲ್ಲ. ಹತ್ತಡಿ ಎತ್ತರಕ್ಕೆ ಏಳಂಗುಲದ ಮೆಟ್ಟಿಲು ಹದಿನೇಳು ಬೇಕು. ಹತ್ತಂಗುಲದ ತುಳಿಗಳನ್ನು ನೇರವಾಗಿ ಇಟ್ಟರೆ ಹದಿಮೂರು ಅಡಿ ನಾಲ್ಕಂಗುಲ ಉದ್ದ. ನಡುಮನೆಯ ಹಿಂಬದಿಯಲ್ಲಿ ಹತ್ತಲು ಶುರುಮಾಡಿದರೆ ನಡುಭಾಗ ದಾಟುವಷ್ಟರಲ್ಲಿ ಮಹಡಿ ಬಂದಿರುತ್ತದೆ. ಕೆಳಗಿನ ಸಂದಿನಲ್ಲಿ ಅಕ್ಕಿ ಮೂಟೆ, ಸೈಕಲ್ಲು, ಅಂಗಡಿಯ ಸರಕು. ಮುದುಕರು ಹಿಡಿದು ಹತ್ತುವಂತೆ ಒಂದು ಕಂಬಿ ಇರಲಿ. ಅಂಗಳದ ನೆತ್ತಿಗೆ ಕಳ್ಳರ ಭಯಕ್ಕಾಗಿ ಕಬ್ಬಿಣದ ಜಾಲಿ, ಮಳೆಗಾಗಿ ಅದರಿಂದ ಎರಡಡಿ ಎತ್ತರದಲ್ಲಿ ಬೆಳಕು ಹಾಯುವ ತಗಡು, ಸುತ್ತ ಗಾಳಿ ಆಡುವಂತೆ ತೆರವು. ಸೂರಿನ ಮಳೆನೀರು ಚರಂಡಿಗೆ ಹೋಗದೆ ಸಂಪಿಗೆ ಹೋಗಲಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಬ್ಬನೇ ಕಟ್ಟಿದ ಏಳಡಿಯ ಅಂಗಳ ಸಾಲದು. 1970ರಲ್ಲಿ ಮೊದಲು ಬಂದು 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 9.5 ಚದರ ಮೀಟರ್, ಎಂದರೆ ಸುಮಾರು 102 ಚದರಡಿ, ಅಡಿಗೆಮನೆಗೆ 5 ಚದರ ಮೀಟರ್ ಕೇಳುತ್ತದೆ. ನಮ್ಮ ಲೆಕ್ಕದಲ್ಲಿ ಇವೆರಡೂ ದಕ್ಕುತ್ತವೆ. ಆದರೆ ಒಳ ಅಂಗಳದಿಂದಲೇ ಬೆಳಕು ಪಡೆಯುವ ಕೋಣೆಯಿದ್ದರೆ ಆ ಅಂಗಳಕ್ಕೆ ಸಂಹಿತೆ 3 ಮೀಟರ್, ಸುಮಾರು ಹತ್ತಡಿ ಅಗಲ ಬಯಸುತ್ತದೆ. ಪಕ್ಕದವನು ನಾಳೆ ಮೂರಂತಸ್ತು ಎಬ್ಬಿಸಿದರೆ ನಮ್ಮ ಏಳಡಿ ಬಾವಿಯಾಗುತ್ತದೆ. ಕಾನೂನು ಕೈಹಿಡಿಯುತ್ತದೆಯೆ? 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಬೆಳಕಿನ ಹಕ್ಕು ಹುಟ್ಟಬೇಕಾದರೆ ಇಪ್ಪತ್ತು ವರ್ಷ ತಡೆಯಿಲ್ಲದೆ ಅದನ್ನು ಅನುಭವಿಸಿರಬೇಕು. ಹೊಸದಾಗಿ ಮನೆ ಕಟ್ಟಿದವನು ಇಪ್ಪತ್ತು ವರ್ಷ ಎಲ್ಲಿಂದ ತರಬೇಕು?

ಪರಿಹಾರ ಬೇಲಿಯ ಆಚೆ ಇದೆ. ಸೈಟು ಪಾಲು ಮಾಡಿಕೊಂಡ ಅಣ್ಣತಮ್ಮಂದಿರನ್ನೇ ತೆಗೆದುಕೊಳ್ಳಿ. ಇಬ್ಬರೂ ತಮ್ಮ ಅಂಗಳವನ್ನು ನಡುಗೋಡೆಯ ಎರಡು ಕಡೆಗೆ, ಒಂದಕ್ಕೊಂದು ಎದುರಾಗಿ ಇಟ್ಟುಕೊಳ್ಳಲಿ. ಆ ಹತ್ತಡಿ ಉದ್ದದಲ್ಲಿ ನಡುಗೋಡೆಯನ್ನು ಏಳಡಿ ಎತ್ತರಕ್ಕೇ ನಿಲ್ಲಿಸಲಿ. ಆಗ ಮಹಡಿಯ ಮಟ್ಟದಲ್ಲಿ ಏಳೂ ಏಳೂ ಕೂಡಿ ಹದಿನಾಲ್ಕಡಿಯ ತೆರವು! ಮರೆಗೆ ಕಿಟಕಿಗಳಿಗೆ ಇಟ್ಟಿಗೆಯ ಜಾಲಂಧ್ರ ಇಟ್ಟರಾಯಿತು. ಎರಡು ಗೋಡೆಯ ಬದಲು ಒಂದೇ ಗೋಡೆ ಸಾಕು. ಇಟ್ಟಿಗೆ, ಸಿಮೆಂಟು, ಕೂಲಿ ಉಳಿಯಿತು. ಈ ಒಪ್ಪಂದ ಬಾಯಿಮಾತಿನಲ್ಲಿ ಇರಬಾರದು. ನಾಳೆ ಒಬ್ಬನು ಮನೆ ಮಾರಿದರೂ ನಿಲ್ಲುವಂತೆ ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಣಿಯಾಗಬೇಕು. ಭೂಮಿ ಹಂಚಿದರೆ ಪಾಲು ಕಿರಿದಾಗುತ್ತದೆ. ಬೆಳಕು ಹಾಗಲ್ಲ, ಹಂಚಿಕೊಂಡಷ್ಟೂ ಇಬ್ಬರಿಗೂ ಹೆಚ್ಚಾಗುತ್ತದೆ. ನಾವು ಸಮಾಜವಾದವೆಂದು ವೇದಿಕೆಯ ಮೇಲೆ ಹೇಳುವುದನ್ನು ಒಂದು ನಡುಗೋಡೆ ಇಷ್ಟು ಸರಳವಾಗಿ ಹೇಳಬಲ್ಲದು.

ನಮ್ಮನ್ನು ವಿರೋಧಿಸುವವರು ಮೂರು ಬಗೆ. ಮೊದಲನೆಯವನು ಕಂಟ್ರಾಕ್ಟರ್. "ಎಪ್ಪತ್ತು ಚದರಡಿ ಖಾಲಿ ಬಿಡೋದೆ? ಅಲ್ಲೊಂದು ರೂಮು ಬಂದರೆ ಬಾಡಿಗೆ ಬರೋಲ್ಲವೆ?" ಬರುತ್ತದೆ, ಸ್ವಾಮಿ. ಜೊತೆಗೆ ಹಗಲೆಲ್ಲ ಉರಿಯುವ ದೀಪದ ಬಿಲ್ಲೂ ಬರುತ್ತದೆ, ಫ್ಯಾನಿನ ಬಿಲ್ಲೂ ಬರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಒಬ್ಬರ ಕೆಮ್ಮು ನಾಲ್ವರ ಕ್ಷಯವಾಗುವುದೂ ಬರುತ್ತದೆ. ಆ ಲೆಕ್ಕವನ್ನು ನಿಮ್ಮ ಎಸ್ಟಿಮೇಟಿನಲ್ಲಿ ಏಕೆ ಬರೆಯುವುದಿಲ್ಲ?

ಎರಡನೆಯವನು ವಾಸ್ತು ಹೇಳುವವನು. ಬಾಗಿಲು ಇತ್ತ, ಒಲೆ ಅತ್ತ ಎಂದು ಕಟ್ಟಿದ್ದನ್ನು ಕೆಡವಿಸಿ ದಕ್ಷಿಣೆ ಪಡೆಯುವ ಈತ, ಮನೆಯ ನಡುಭಾಗ ಬ್ರಹ್ಮಸ್ಥಾನ, ಅದನ್ನು ತೆರವಾಗಿಡಬೇಕು ಎಂಬ ತನ್ನದೇ ಶಾಸ್ತ್ರದ ಮಾತನ್ನು ಬಡವನ ಮನೆಯಲ್ಲಿ ಮರೆಯುತ್ತಾನೆ. ನಮಗೆ ಶಾಸ್ತ್ರದ ಹಂಗಿಲ್ಲ. ಆದರೆ ನಂಬುವವರು ಈ ಒಂದು ಮಾತನ್ನಾದರೂ ಆತನಿಗೆ ನೆನಪಿಸಲಿ.

ಮೂರನೆಯವರು ನಮ್ಮವರೇ. "ಭೂಮಿಯ ಪ್ರಶ್ನೆ ಮುಖ್ಯ, ಕಿಟಕಿ ಮಾತು ಆಮೇಲೆ" ಎನ್ನುವ ಸಂಗಾತಿಗಳು. ಭೂಮಿಯ ಪ್ರಶ್ನೆ ಮುಖ್ಯವೆಂಬುದನ್ನು ನಾವು ಒಪ್ಪುತ್ತೇವೆ. ಹದಿನೈದಡಿಗೆ ತೃಪ್ತಿಪಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಭೂಮಿ ಹಂಚಿಕೆಯಾಗುವ ತನಕ ಆ ತಾಯಿ ಕತ್ತಲೆಯಲ್ಲಿ ರೊಟ್ಟಿ ತಟ್ಟಬೇಕೆ? ಹೋರಾಟಕ್ಕೆ ಬರುವವನಿಗೂ ರಾತ್ರಿ ನಿದ್ದೆ ಬರುವಷ್ಟು ಗಾಳಿ ಬೇಕು.

ಜಪಾನಿನ ಒಸಾಕಾ ನಗರದ ಒಂದು ಹಳೆಯ ಸಾಲುಮನೆ ಕೇರಿಯಲ್ಲಿ, ಸುಮಾರು ಹನ್ನೆರಡಡಿಗೆ ಮೀರದ ಅಗಲದ ಜಾಗದಲ್ಲಿ, ತಡಾವೊ ಆಂಡೊ ಎಂಬಾತ 1976ರಲ್ಲಿ ಒಂದು ಮನೆ ಕಟ್ಟಿದ. ವಾಸ್ತುಶಿಲ್ಪವನ್ನು ಕಾಲೇಜಿನಲ್ಲಿ ಕಲಿತವನಲ್ಲ. ಉದ್ದವನ್ನು ಮೂರು ಪಾಲು ಮಾಡಿ ನಡುವಿನದನ್ನು ಪೂರ್ತಿ ಆಕಾಶಕ್ಕೆ ಬಿಟ್ಟ. ಲೋಕವೆಲ್ಲ ಹೊಗಳಿತು. ಆದರೆ ಮಳೆ ಬಂದಾಗ ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಲು ಮನೆಯೊಳಗೇ ಕೊಡೆ ಬೇಕು! ನಮ್ಮ ಹೆಣ್ಣುಮಕ್ಕಳಿಗೆ ಅದು ಬೇಡ; ಅದಕ್ಕೇ ಮೂರಡಿಯ ಸೂರಿನ ದಾರಿ ಇಟ್ಟೆವು. ಆದರೆ ಆತನ ಧೈರ್ಯ ಬೇಕು. ಕಿರಿದಾದ ಜಾಗದಲ್ಲಿ ಒಂದಷ್ಟನ್ನು ಕಟ್ಟದೆ ಬಿಡುವುದಕ್ಕೂ ಧೈರ್ಯ ಬೇಕು.

ಸರ್ಕಾರಕ್ಕೆ ಗಾಳಿಯ ಬೆಲೆ ತಿಳಿಯದೆ ಇಲ್ಲ. 1898ರಲ್ಲಿ ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳಿಗೆ ಪ್ಲೇಗು ಹೊಕ್ಕಾಗ ಜನ ಸತ್ತರು, ಊರು ಬಿಟ್ಟರು. ಆ ಕಾಲದಲ್ಲಿಯೇ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಿಗೆ ಅಗಲ ಬೀದಿಗಳು ಬಂದವು, ಮನೆಗಳ ಹಿಂದೆ ಕಿರುಬೀದಿ ಬಂತು. ಗಾಳಿ ಬೆಳಕು ಆರೋಗ್ಯದ ಮಾತೆಂದು ಆಗ ತಿಳಿದಿತ್ತು. ಈಗ ಅದು ದಂಡದ ಮಾತಾಗಿದೆ. ನಿಯಮ ಮೀರಿದ ಕಟ್ಟಡಗಳನ್ನು ಹಣ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಯನ್ನು ನಮ್ಮ ರಾಜ್ಯ ಹೂಡಿತು. 2017ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ನಾವು ಕೇಳುವುದಿಷ್ಟೆ: ದಂಡ ಕಟ್ಟಿದರೆ ಕಾಗದ ಸಕ್ರಮವಾದೀತು, ಕತ್ತಲೆ ಸಕ್ರಮವಾಗುವುದೆ?

ಆದ್ದರಿಂದ ನಮ್ಮ ಬೇಡಿಕೆಗಳು:

1. ಇಪ್ಪತ್ತಡಿಗಿಂತ ಕಿರಿದಾದ ಸೈಟುಗಳಿಗೆ, ದಿಕ್ಕು ದಿಕ್ಕಿಗೂ ಹೊಂದುವ ಮಾದರಿ ನಕ್ಷೆಗಳನ್ನು ಪ್ರತಿ ಪುರಸಭೆ, ನಗರಸಭೆಯೂ ಉಚಿತವಾಗಿ ಕೊಡಬೇಕು. ಅವನ್ನು ಅನುಸರಿಸಿದವನಿಗೆ ಪರವಾನಗಿಗಾಗಿ ಅಲೆದಾಟ ಇರಬಾರದು.

2. ಅಂಥ ಸೈಟುಗಳಲ್ಲಿ ನಡುಗೋಡೆ ಹಂಚಿಕೊಂಡು ಕಟ್ಟಲು ಅವಕಾಶವಿರಬೇಕು. ಪಕ್ಕಕ್ಕೆ ಬಿಡುವ ಜಾಗವನ್ನು ಒಳ ಅಂಗಳದ ಲೆಕ್ಕಕ್ಕೆ ಹಿಡಿಯಬೇಕು. ಆ ಅಂಗಳವನ್ನು ಆಮೇಲೆ ಮುಚ್ಚಲು ಯಾರಿಗೂ, ಎಷ್ಟು ಹಣಕ್ಕೂ, ಅನುಮತಿ ಕೊಡಬಾರದು.

3. ನೆರೆಯವರ ಬೆಳಕಿನ ಒಪ್ಪಂದದ ನೋಂದಣಿಗೆ ಶುಲ್ಕ ತೆಗೆದುಕೊಳ್ಳಬಾರದು.

4. ಹೊಸ ಬಡಾವಣೆಗಳಲ್ಲಿ ದುಡಿಯುವವರಿಗೆ ಹದಿನೈದಡಿಯ ಸೀಳುಗಳನ್ನು ಮಾರುವುದು ನಿಲ್ಲಬೇಕು. ಜಾಗ ಕಡಿಮೆಯೆಂದರೆ ಸಹಕಾರ ಸಂಘದ ಮೂಲಕ ಒಟ್ಟಾಗಿ ಸಾಲುಮನೆ ಕಟ್ಟಲಿ, ಅಂಗಳಗಳು ಕೂಡಿಕೊಳ್ಳಲಿ.

ಇವು ನಾಳೆಯೇ ಕೈಗೂಡುತ್ತವೆಂಬ ಭ್ರಮೆ ನಮಗಿಲ್ಲ. ಅದಕ್ಕಾಗಿ ಮೆರವಣಿಗೆಯೂ ಬೇಕು, ಮತವೂ ಬೇಕು. ಆದರೆ ಒಂದು ಕೆಲಸಕ್ಕೆ ಯಾವ ಸಾಹೇಬರ ಸಹಿಯೂ ಬೇಡ. ಈ ವರ್ಷ ಪಾಯ ತೋಡಬೇಕೆಂದಿರುವ ಬಂಧುಗಳೇ, ಮೇಸ್ತ್ರಿಯನ್ನು ಕರೆಯುವ ಮೊದಲು ಪಕ್ಕದ ಸೈಟಿನವರ ಮನೆಗೆ ಹೋಗಿ. ಅಣ್ಣನೊಂದಿಗೆ ಮಾತು ಬಿಟ್ಟಿದ್ದರೆ ಮತ್ತೆ ಮಾತಾಡಿಸಿ. ನಿಮ್ಮ ಅಂಗಳ ಎಲ್ಲಿ, ಅವರ ಅಂಗಳ ಎಲ್ಲಿ ಎಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದು ಇಬ್ಬರೂ ನಿಂತು ನೋಡಿ. ಮನೆಯ ಹೆಂಗಸರನ್ನೂ ಕರೆದು ಕೇಳಿ, ಒಲೆಯ ಮುಂದೆ ನಿಲ್ಲುವವರು ಅವರು. ಆಮೇಲೆ ಮೇಸ್ತ್ರಿಯನ್ನು ಕರೆಯಿರಿ. ಅವನು "ಹೀಗೇ ಬರೋದು" ಎಂದರೆ, "ಇಲ್ಲಪ್ಪ, ಹೀಗೂ ಬರುತ್ತದೆ" ಎಂದು ಗೆರೆ ತೋರಿಸಿ.