ತಿಮಿಂಗಿಲದ ಸೊಂಟದೆಲುಬು

ಕಾಲಿಲ್ಲದ ತಿಮಿಂಗಿಲಕ್ಕೆ ಸೊಂಟದೆಲುಬು ಏತಕ್ಕೆಂದು ಹರಿಹರದ ಸೋದರಿಯೊಬ್ಬರು ಕೇಳಿದ್ದಾರೆ. ದಾವಣಗೆರೆಯಲ್ಲಿ ವೈದ್ಯಶಾಸ್ತ್ರ ಓದುತ್ತಿರುವ ಮಗನು 'ಅದು ವ್ಯರ್ಥ' ಎಂದನಂತೆ. ನಾವೂ ಹಾಗೆಯೇ ಕಲಿತವರು!

ಸುಮಾರು 5 ಕೋಟಿ ವರ್ಷಗಳ ಹಿಂದೆ ಅದರ ಪೂರ್ವಜರು ನಾಲ್ಕು ಕಾಲುಗಳಿಂದ ನೆಲದ ಮೇಲೆ ನಡೆಯುತ್ತಿದ್ದವು. ಕಡಲು ಸೇರಿದ ಮೇಲೆ ಹಿಂಗಾಲುಗಳು ಅಳಿದವು. ಬೆನ್ನೆಲುಬಿನ ನಂಟು ಕಳೆದುಕೊಂಡ ಎರಡು ಪುಟ್ಟ ಎಲುಬುಗಳು ಮಾಂಸದೊಳಗೆ ಉಳಿದವು. ಗಂಡಿನ ಜನನಾಂಗವನ್ನು ನಿಯಂತ್ರಿಸುವ ಸ್ನಾಯುಗಳಿಗೆ ಇವೇ ಆಧಾರ. ಹೆಣ್ಣಿಗಾಗಿ ಪೈಪೋಟಿ ಹೆಚ್ಚಿರುವ ಜಾತಿಗಳಲ್ಲಿ ಈ ಎಲುಬುಗಳು ದೇಹಗಾತ್ರಕ್ಕೆ ಹೋಲಿಸಿದರೆ ದೊಡ್ಡವೆಂದು 2014ರಲ್ಲಿ ಅಮೆರಿಕದ ಮ್ಯಾಥ್ಯೂ ಡೀನ್, ಜೇಮ್ಸ್ ಡೈನ್ಸ್ ಮತ್ತು ಸಂಗಡಿಗರು ತೋರಿಸಿದರು.

ಮಗನು ತನ್ನ ಬಾಲದೆಲುಬಿನ ಪಾಠವನ್ನು ಮತ್ತೊಮ್ಮೆ ತೆರೆಯಲಿ. ಮನುಷ್ಯನಿಗೆ ಬಾಲವಿಲ್ಲ, ಆದರೂ ಕಿಬ್ಬೊಟ್ಟೆಯ ಅಂಗಗಳನ್ನು ಕೆಳಗಿನಿಂದ ಹೊರುವ ಸ್ನಾಯುಗಳು ಆ ಎಲುಬಿಗೇ ಅಂಟಿಕೊಂಡಿವೆ.