ದೊಡ್ಡ ಮೀನಿಗೇ ಯಾಕೆ ದುಡ್ಡು?

ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಒಂದು ಬಗೆಯ ವಿಡಿಯೊ ಬರುತ್ತದೆ. ನೀವೂ ನೋಡಿರುತ್ತೀರಿ. ಬಿಳಿ ಬೋಟ್, ಹಿಂಬದಿಯ ಕುರ್ಚಿಯಲ್ಲಿ ರಾಡ್ ಹಿಡಿದು ಕೂತ ಅಪ್ಪ, ಪಕ್ಕದಲ್ಲಿ ಕೂಗುತ್ತಿರುವ ಮಗ, ಮೊಬೈಲ್ ಹಿಡಿದ ಅಮ್ಮ, ದೂರದಲ್ಲಿ ನೀರು ಸೀಳಿ ಹಾರುವ ಉದ್ದ ಮೂತಿಯ ಮಾರ್ಲಿನ್ ಮೀನು. 'ನಮ್ಮ ಕಡಲಲ್ಲೂ ಇಂಥ ಸ್ಪರ್ಧೆ ಆಗಬೇಕು' ಅಂತ ಯಾರಾದರೂ ಕೆಳಗೆ ಬರೆದೇ ಇರುತ್ತಾರೆ.

ಬೇಡ ಅನ್ನುವವರು ನಾವು. ಯಾಕೆ ಅಂತ ತಿಳಿಯಬೇಕಾದರೆ ಈ ಆಟ ದೊಡ್ಡದಾಗಿ ಬೆಳೆದ ಅಮೆರಿಕದ ಕಡೆಗೇ ನೋಡಬೇಕು.

ಅಲ್ಲಿನ ನಾರ್ತ್ ಕೆರೊಲಿನಾ ರಾಜ್ಯದ ಮೋರ್‌ಹೆಡ್ ಸಿಟಿಯಲ್ಲಿ ಪ್ರತಿ ಜೂನ್‌ನಲ್ಲಿ ಬಿಗ್ ರಾಕ್ ಎಂಬ ಮಾರ್ಲಿನ್ ಸ್ಪರ್ಧೆ ನಡೆಯುತ್ತದೆ. ಶುರುವಾದದ್ದು 1957ರಲ್ಲಿ. ಅಪ್ಪ, ಮಕ್ಕಳು, ಅಳಿಯ ಎಲ್ಲ ಒಂದೇ ಬೋಟ್ ಹತ್ತುತ್ತಾರೆ. ಹೆಂಗಸರಿಗೆಂದೇ ಒಂದು ದಿನದ ಸ್ಪರ್ಧೆಯೂ ಇದೆ. ಸಂಜೆ ದಕ್ಕೆಯಲ್ಲಿ ಮೀನನ್ನು ಬಾಲ ಮೇಲಾಗಿ ನೇತು ಹಾಕಿ ತೂಗುವಾಗ ಊರೇ ನೆರೆಯುತ್ತದೆ. ಬೋಟಿನವರು ಕಟ್ಟುವ ಪ್ರವೇಶ ಹಣವೇ ಬಹುಮಾನದ ಗಂಟು. ಹೆಚ್ಚು ಕಟ್ಟಿದವರಿಗೆ ಹೆಚ್ಚು ಗೆಲ್ಲುವ ಅವಕಾಶ. ನಮ್ಮೂರಲ್ಲಾದರೆ ಇದಕ್ಕೆ ಬಾಜಿ ಅನ್ನುತ್ತೇವೆ.

2023ರಲ್ಲಿ 'ಸೆನ್ಸೇಷನ್' ಎಂಬ ಬೋಟಿನವರು ಆರು ಗಂಟೆ ಹೆಣಗಾಡಿ 619.4 ಪೌಂಡ್, ಅಂದರೆ ಸುಮಾರು 281 ಕೆಜಿಯ ಮೀನು ತಂದರು. ಸಿಗಬೇಕಿದ್ದ ಹಣ ಸುಮಾರು 35 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 28 ಕೋಟಿ ರೂಪಾಯಿ. ಆದರೆ ಮೀನಿನ ಮೈಮೇಲೆ ಶಾರ್ಕ್ ಕಚ್ಚಿದಂಥ ಗಾಯ ಇತ್ತು. ನಿಯಮದ ಪ್ರಕಾರ ಅನರ್ಹ. ಹಣ 484.5 ಪೌಂಡಿನ ಮೀನು ತಂದ ಬೋಟಿಗೆ ಹೋಯಿತು. 2010ರಲ್ಲಿ ಇದೇ ಸ್ಪರ್ಧೆಯಲ್ಲಿ 883 ಪೌಂಡಿನ ಮೀನು ಬಹುಮಾನ ಕಳೆದುಕೊಂಡಿತ್ತು. ಕಾರಣ, ಬೋಟಿನ ಕೆಲಸದಾಳೊಬ್ಬನ ಹತ್ತಿರ ಮೀನು ಹಿಡಿಯುವ ಲೈಸೆನ್ಸ್ ಇರಲಿಲ್ಲ. ವ್ಯಾಜ್ಯ ಕೋರ್ಟಿಗೆ ಹೋಯಿತು.

ಮೇರಿಲ್ಯಾಂಡ್‌ನ ಓಷನ್ ಸಿಟಿಯಲ್ಲಿ 1974ರಿಂದ ನಡೆಯುವ ವೈಟ್ ಮಾರ್ಲಿನ್ ಓಪನ್ ಕಥೆ ಇನ್ನೂ ಚೆಂದ. 2016ರಲ್ಲಿ 76.5 ಪೌಂಡಿನ ಮೀನಿಗೆ 28 ಲಕ್ಷ ಡಾಲರ್ ಬಹುಮಾನ. ಆದರೆ ಗೆದ್ದವರನ್ನು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸುವುದು ಅಲ್ಲಿನ ನಿಯಮ. ಅದರಲ್ಲಿ ಫೇಲು. ಬೆಳಿಗ್ಗೆ ಎಂಟೂವರೆಗೆ ಮುಂಚೆ ಗಾಳ ನೀರಿಗೆ ಬಿತ್ತೋ ಇಲ್ಲವೋ ಅಂತ ಫೆಡರಲ್ ಕೋರ್ಟಿನಲ್ಲಿ ವಾದ ನಡೆದು, ಕೊನೆಗೆ ಹಣ ಕೈತಪ್ಪಿತು. ಕುಟುಂಬದ ಹವ್ಯಾಸ ಅನ್ನುತ್ತಾರೆ ಇದನ್ನು!

ದುಡ್ಡಿನ ಜಗಳ ಅವರದು, ಬಿಡಿ. ನಮ್ಮ ತಕರಾರು ತಕ್ಕಡಿಯ ಮೇಲೆ.

ನೀಲಿ ಮಾರ್ಲಿನ್‌ನಲ್ಲಿ ಗಂಡು 160 ಕೆಜಿ ದಾಟುವುದು ಅಪರೂಪ. ಅದಕ್ಕಿಂತ ಭಾರ ಬೆಳೆಯುವುದು ಹೆಣ್ಣು. 281 ಕೆಜಿಯ ಮೀನು ಹೆಣ್ಣು ಅನ್ನಲು ಹೊಟ್ಟೆ ಸೀಳಿ ನೋಡಬೇಕಾಗಿಲ್ಲ. ಅಂದರೆ 'ಅತಿ ಭಾರದ ಮೀನಿಗೆ ಬಹುಮಾನ' ಎಂದರೆ ಅತಿ ಹೆಚ್ಚು ಮೊಟ್ಟೆ ಇಡುವ ತಾಯಿಯನ್ನು ಆರಿಸಿ ಕೊಂದವನಿಗೆ ಬಹುಮಾನ. ಅದನ್ನು ಮಾರಿ ಹೊಟ್ಟೆ ಹೊರೆಯುವ ಮಾತೂ ಇಲ್ಲ. ಮಾರ್ಲಿನ್ ಮಾರಾಟಕ್ಕೆ ಅಲ್ಲಿ ಕಾನೂನಿನ ನಿಷೇಧ ಇದೆ.

ಅದೇ ಜೂನ್‌ನಲ್ಲಿ ನಮ್ಮ ಕರಾವಳಿಯಲ್ಲಿ ಏನಾಗುತ್ತದೆ? ಮೀನು ಮರಿ ಮಾಡಲಿ ಅಂತ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ದಕ್ಕೆ ಬಿಡುವುದಿಲ್ಲ. ಕಲಾಸಿಗಳಿಗೆ ಎರಡು ತಿಂಗಳು ಕೂಲಿ ಇಲ್ಲ. ಸಾಲ ಮಾಡಿಯಾದರೂ ಕಾಯುತ್ತಾರೆ.

ನಾವೇನೂ ಸಾಚಾಗಳಲ್ಲ. ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಮೊಟ್ಟೆ ತುಂಬಿದ ಹತ್ತುಮೀನನ್ನು ಟಾರ್ಚ್ ಹಿಡಿದು ಕಡಿದು ತಂದವರು ನಾವೂ ಹೌದು. ಅದು ತಪ್ಪೇ.

ಅಲ್ಲಿನ ಹವ್ಯಾಸಿಗಳ ಪರವಾಗಿಯೂ ಮಾತಿದೆ. ಮೈಲಿಗಟ್ಟಲೆ ಉದ್ದದ ಗಾಳದ ಹಗ್ಗ ಬಿಡುವ ವ್ಯಾಪಾರಿ ಹಡಗುಗಳು ಇವರಿಗಿಂತ ಎಷ್ಟೋ ಹೆಚ್ಚು ಮಾರ್ಲಿನ್ ಕೊಲ್ಲುತ್ತವೆ. ಸ್ಪರ್ಧೆಯಲ್ಲಿ ಸಿಕ್ಕ ಹೆಚ್ಚಿನ ಮೀನುಗಳನ್ನು ಇವರು ಜೀವಂತ ಬಿಡುತ್ತಾರೆ. ಮೀನು ನುಂಗಿ ಸಾಯದಂತೆ ಸಹಜ ಎರೆಗೆ ದುಂಡು ಗಾಳವನ್ನೇ ಬಳಸಬೇಕೆಂಬ ನಿಯಮ 2008ರಿಂದ ಇದೆ. ಬಿಟ್ಟ ಮೀನಿಗೂ ಬಿಗ್ ರಾಕ್‌ನಲ್ಲಿ ಅಂಕ, ಬಹುಮಾನ ಉಂಟು. ಆದರೆ ದೊಡ್ಡ ಗಂಟು ಮಾತ್ರ ಸತ್ತು ತೂಗಿದ ಮೀನಿಗೇ. ಮಕ್ಕಳು ನೋಡಿ ಚಪ್ಪಾಳೆ ತಟ್ಟುವುದೂ ಅದಕ್ಕೇ.

ಅಪ್ಪನ ಜತೆ ಅಳಿವೆಯಲ್ಲಿ ಗಾಳ ಹಾಕಿ ಕೂತ ಸುಖ ನಮಗೂ ಗೊತ್ತು. ದಾರ ಜಗ್ಗಿದಾಗ ಎದೆ ಹೊಡೆದುಕೊಳ್ಳುವುದು ದುಡ್ಡಿಗಲ್ಲ. ಹಾಗಾಗಿ ಸ್ಪರ್ಧೆ ಬೇಕೇ ಬೇಕು ಅನ್ನುವ ಗೆಳೆಯರಿಗೆ ನಮ್ಮದೊಂದು ಷರತ್ತು: ದಕ್ಕೆಯಲ್ಲಿ ತಕ್ಕಡಿ ಕಟ್ಟಬೇಡಿ. ಮೀನನ್ನು ನೀರಲ್ಲೇ ಅಳೆಯಿರಿ, ಫೋಟೊ ತೆಗೆಯಿರಿ, ಬಿಟ್ಟುಬಿಡಿ, ಅಂಕ ಬರೆದುಕೊಳ್ಳಿ. ಆಮೇಲೂ ಎಷ್ಟು ಮಂದಿ ಹೆಸರು ಬರೆಸುತ್ತಾರೆ ನೋಡೋಣ.