ಬಡಾವಣೆಗೆ ಭೂಮಿ: ಆಕ್ಷೇಪಕ್ಕೆ ಸಕಾಲ ಯಾವುದು?

ಹುಬ್ಬಳ್ಳಿ: ನಗರದಂಚಿನ ಹೊಲಗಳನ್ನು ನಿವೇಶನಗಳನ್ನಾಗಿಸುವ ಯೋಜನೆಗೆ ರೈತರು ಸಲ್ಲಿಸುವ ಆಕ್ಷೇಪಕ್ಕೆ ಎಷ್ಟು ಬಲವಿದೆ? ಬೆಂಗಳೂರಿನ ಡಾ. ಶಿವರಾಮ ಕಾರಂತ ಬಡಾವಣೆಯ ಪ್ರಕರಣವನ್ನು ರಾಜ್ಯದ ಇತರ ನಗರಗಳೂ ಗಮನಿಸಬೇಕಿದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 17 ಗ್ರಾಮಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್‌ನಲ್ಲಿ. ವರ್ಷಗಳುರುಳಿದರೂ ಅಂತಿಮ ಅಧಿಸೂಚನೆ ಬರಲಿಲ್ಲ. ಈ ವಿಳಂಬದ ಕಾರಣಕ್ಕೆ 2014ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆದರೆ 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಸ್ವಾಧೀನ ಮುಂದುವರಿಸಲು ಆದೇಶಿಸಿತು. ಅಷ್ಟರಲ್ಲಿ ಅಲ್ಲಿ ಮನೆಗಳು ತಲೆ ಎತ್ತಿದ್ದವು. ಅವುಗಳ ಪರಿಶೀಲನೆಗೆ 2020ರಲ್ಲಿ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯನ್ನೇ ನೇಮಿಸಬೇಕಾಯಿತು. 2013ರ ಭೂಸ್ವಾಧೀನ ಕಾಯ್ದೆ ಪ್ರಾಧಿಕಾರದ ಸ್ವಾಧೀನಕ್ಕೆ ಅನ್ವಯಿಸದು ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಹೊಸ ಕಾಯ್ದೆಯ ಪರಿಹಾರದ ಆಸೆಯೂ ಕಮರಿತು.

ಅಧಿಸೂಚನೆಯ ನಂತರ ಭೂಮಾಲೀಕರಿಗೆ ಆಕ್ಷೇಪಿಸಲು ಸಿಗುವುದು 30 ದಿನ. ಅದಕ್ಕೂ ಮೊದಲೇ ಒಂದು ಅವಕಾಶವಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಕರಡು ಮಹಾಯೋಜನೆ ಪ್ರಕಟವಾದಾಗ ಸಾರ್ವಜನಿಕರು 60 ದಿನಗಳೊಳಗೆ ಲಿಖಿತ ಅಭಿಪ್ರಾಯ ಸಲ್ಲಿಸಬಹುದು. ಯಾವ ಸರ್ವೆ ನಂಬರು ಹಸಿರು ವಲಯ, ಯಾವುದು ವಸತಿ ವಲಯ ಎಂಬುದು ನಿಗದಿಯಾಗುವುದು ಅಲ್ಲಿಯೇ.

ಹುಬ್ಬಳ್ಳಿ-ಧಾರವಾಡದಲ್ಲಿ ಮಹಾಯೋಜನೆ ರೂಪಿಸುವುದೂ ಬಡಾವಣೆ ನಿರ್ಮಿಸುವುದೂ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. ನಕ್ಷೆಯಲ್ಲಿ ಹಸಿರು ಬಳಿಯುವ ಕೈಯೇ ನಿವೇಶನ ಹಂಚುವಾಗ ಜನರ ಕಣ್ಗಾವಲು ಅನಿವಾರ್ಯ. ಹೊಲದಲ್ಲಿ ಗುರುತಿನ ಕಲ್ಲು ನೆಟ್ಟ ಮೇಲೆ ಎಚ್ಚೆತ್ತರೆ ಉಳಿಯುವುದು ನ್ಯಾಯಾಲಯದ ಅಲೆದಾಟ ಮಾತ್ರ.